ಎದೆಯ ಬಾಗಿಲು

ನಾವು ಕನ್ನಡಿಗರು ಎದೆಯ ಮೇಲೆ ಹೇರಿರುವಷ್ಟು ಹೊರೆಯನ್ನು ಬೇರಾವ ಅವಯವದ ಮೇಲೂ ಹೇರಿಲ್ಲವೆಂದು ತೋರುತ್ತದೆ. ಧೈರ್ಯವಿದ್ದವನನ್ನು ಎದೆಗಾರನೆನ್ನುತ್ತೇವೆ. ಹೆದರಿದರೆ ಎದೆ ಝಲ್ಲೆನ್ನುತ್ತದೆ; ಸಂತೋಷವಾದರೆ ತುಂಬುತ್ತದೆ; ದುಃಖವಾದರೆ ಒಡೆಯುತ್ತದೆ. ಮಗಳಿಗೆ ವರ ಗೊತ್ತಾದ ದಿನ ತಂದೆಯಾದವನು ಎದೆಯ ಮೇಲಿನ ಭಾರ ಇಳಿಯಿತೆಂದು ನಿಟ್ಟುಸಿರು ಬಿಡುತ್ತಾನೆ. ಎದೆಯ ವಿಷಯವಾಗಿ ಇಷ್ಟೆಲ್ಲ ಮಾತನಾಡುವ ನಾವು ಆ ಎದೆ ತಾನಾಗಿ ಏನನ್ನಾದರೂ ಹೇಳುತ್ತಿದೆಯೆ ಎಂದು ಕಿವಿಗೊಟ್ಟು ಕೇಳುವುದು ಮಾತ್ರ ಅಪರೂಪ. ಅದರಲ್ಲಿಯೂ ಮಕ್ಕಳ ಎದೆಯನ್ನು ಕೇಳುವವರು ಯಾರು? ಮಗು ಉಂಡಿತೆ, ಮಲಗಿತೆ, ಮಗ್ಗಿ ಒಪ್ಪಿಸಿತೆ ಎಂದು ವಿಚಾರಿಸಿದರೆ ನಮ್ಮ ಕರ್ತವ್ಯ ಮುಗಿಯಿತು.

ನಾನು ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಗಣಿತ ಕಲಿಸಿ ನಿವೃತ್ತನಾದವನು. ವೈದ್ಯಶಾಸ್ತ್ರಕ್ಕೂ ನನಗೂ ಇರುವ ನಂಟು ರೋಗಿಯದೇ ಹೊರತು ವಿದ್ವಾಂಸನದಲ್ಲ. ಆದರೂ ಹೃದಯದ ಒಂದು ಬಾಗಿಲಿನ ವಿಷಯವಾಗಿ ನಾಲ್ಕು ಮಾತು ಬರೆಯಲು ಕುಳಿತಿದ್ದೇನೆ. ಅದಕ್ಕೆ ಕಾರಣ, ಕಮಲಾಪುರದಲ್ಲಿರುವ ನನ್ನ ತಂಗಿಯ ಮೊಮ್ಮಗಳು.

ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದು ಸುಮಾರು ಒಂದು ಗಂಟೆ ಬಸ್ಸಿನಲ್ಲಿ ಕುಳಿತರೆ ಕಮಲಾಪುರ ಸಿಕ್ಕುತ್ತದೆ. ಈಗ ಅದು ತಾಲ್ಲೂಕಿನ ಕೇಂದ್ರ. ೨೦೧೭ರಿಂದ ಬೀದರಿನ ರೈಲೂ ಆ ಊರನ್ನು ಮುಟ್ಟಿಕೊಂಡು ಹೋಗುತ್ತದೆ. ಆದರೆ ನಮ್ಮ ಕಡೆಯವರ ನಾಲಗೆಗೆ ಕಮಲಾಪುರವೆಂದರೆ ಕೆಂಪು ಬಾಳೆ. ನನ್ನ ತಂಗಿಯ ಮನೆಯವರಿಗೂ ಅಂಥದೊಂದು ಸಣ್ಣ ತೋಟವಿದೆ. ಆ ತೋಟದಲ್ಲಿಯೇ ಬೆಳೆದ ಹುಡುಗಿಗೆ ಆಗ ಎಂಟು ವರ್ಷ. ದುಂಡು ಕೆನ್ನೆ, ಚುರುಕು ಕಣ್ಣು. ಕಾಯಿಲೆಯವಳೆಂದು ಯಾರೂ ಹೇಳುವಂತಿರಲಿಲ್ಲ. ಒಂದೇ ಒಂದು ವಿಶೇಷವೆಂದರೆ, ಓಣಿಯ ಮಕ್ಕಳು ಖೋ ಖೋ ಆಡುವಾಗ ಇವಳು ಎರಡು ಸುತ್ತು ಓಡಿ, ಬಳಿಕ ಕಟ್ಟೆಯ ಮೇಲೆ ಕುಳಿತು ಎರಡೂ ಪಂಗಡಗಳ ಲೆಕ್ಕ ಬರೆಯುತ್ತಿದ್ದಳು. ತಪ್ಪಿಲ್ಲದ ಲೆಕ್ಕ. ಮುತ್ಯಾನ ಗಣಿತ ಮೊಮ್ಮಗಳಿಗೆ ಬಂದಿದೆಯೆಂದು ಮನೆಯವರೆಲ್ಲ ಹಿಗ್ಗುತ್ತಿದ್ದರು. ಎರಡು ಸುತ್ತಿಗೆ ಏದುಸಿರು ಬರುವ ಮಗು ತನ್ನ ಗೆಳತಿಯರ ಮುಂದೆ ಮಾನ ಉಳಿಸಿಕೊಳ್ಳಲು ಕಂಡುಕೊಂಡ ಉಪಾಯ ಅದೆಂದು ಯಾರಿಗೆ ತಾನೆ ಹೊಳೆದೀತು?

ಹೊಳೆದದ್ದು ಶಾಲೆಗೆ ಬಂದ ವೈದ್ಯರಿಗೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ ವೈದ್ಯರ ತಂಡಗಳು ವಾಹನದಲ್ಲಿ ಊರೂರಿಗೆ ಬಂದು, ಅಂಗನವಾಡಿಯ ಕೂಸುಗಳನ್ನೂ ಸರಕಾರಿ ಶಾಲೆಯ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಪರೀಕ್ಷಿಸುತ್ತವೆ. ಕಣ್ಣು, ಕಿವಿ, ಹಲ್ಲು ನೋಡುತ್ತವೆ; ತೂಕ ಮಾಡುತ್ತವೆ; ಎದೆಯನ್ನೂ ಕೇಳುತ್ತವೆ. ನಮ್ಮ ಹುಡುಗಿಯ ಸರದಿ ಬಂದಾಗ ಆ ವೈದ್ಯೆ ಕಿವಿಗೊಳವೆಯನ್ನು ಎದೆಯ ಎಡಗಡೆ ಇಟ್ಟವರು ಬೇಗ ತೆಗೆಯಲಿಲ್ಲವಂತೆ. ಮಕ್ಕಳ ಗಲಾಟೆ ನಿಲ್ಲಿಸಿರೆಂದು ಮಾಸ್ತರರಿಗೆ ಹೇಳಿ, ಮತ್ತೊಮ್ಮೆ ಕೇಳಿ, ಒಂದು ಚೀಟಿ ಬರೆದು ಕೊಟ್ಟರಂತೆ: ಹೃದಯದಲ್ಲಿ ಮರ್ಮರ ಶಬ್ದವಿದೆ, ದೊಡ್ಡ ಆಸ್ಪತ್ರೆಯಲ್ಲಿ ತೋರಿಸತಕ್ಕದ್ದು.

ಮರ್ಮರವೆಂಬುದು ಒಳ್ಳೆಯ ಮಾತು. ಗಾಳಿಗೆ ತರಗೆಲೆಗಳು ಮಾಡುವ ಸದ್ದಿಗೆ ಸಂಸ್ಕೃತದಲ್ಲಿ ಈ ಹೆಸರುಂಟು. ಇಂಗ್ಲಿಷ್ ವೈದ್ಯರು ಬಳಸುವ ಮಾತೂ ಕಿವಿಗೆ ಇದರ ಒಡಹುಟ್ಟಿನಂತೆಯೇ ಕೇಳಿಸುತ್ತದೆ. ಸರಾಗವಾಗಿ ಹರಿಯುವ ರಕ್ತಕ್ಕೆ ಸದ್ದಿಲ್ಲ. ಇಕ್ಕಟ್ಟಿನಲ್ಲಿ ನುಗ್ಗುವ ರಕ್ತ ಸುಳಿಗಟ್ಟಿ ಸದ್ದು ಮಾಡುತ್ತದೆ. ಓದುಗರು ಗಾಬರಿಯಾಗಬಾರದೆಂದು ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ: ಆರೋಗ್ಯವಂತ ಮಕ್ಕಳಲ್ಲಿಯೂ ಎಷ್ಟೋ ಮಂದಿಯ ಎದೆಯಲ್ಲಿ ಒಮ್ಮೊಮ್ಮೆ ಮೆಲುವಾದ ಮರ್ಮರ ಕೇಳಿಸುವುದುಂಟು. ಅದು ನಿರಪಾಯ, ಬೆಳೆಯುತ್ತ ಮರೆಯಾಗುತ್ತದೆ. ಯಾವುದು ಬರಿಯ ಗುಣುಗು, ಯಾವುದು ದೂರು ಎಂಬುದನ್ನು ಬಲ್ಲವರು ಕೇಳಿ ಬೇರ್ಪಡಿಸಬೇಕು. ಚೀಟಿ ಬರೆಯುವುದು ಅದಕ್ಕಾಗಿ.

ಆ ಚೀಟಿ ಕಲಬುರಗಿಗೆ ಬರಲಿಲ್ಲ. ದೇವರ ಪಟದ ಹಿಂದೆ ಹೋಯಿತು. ಅದನ್ನು ಅಲ್ಲಿಟ್ಟವಳು ನನ್ನ ತಂಗಿ. ಅವಳು ಕಟುಕಳಲ್ಲ, ಮೊಮ್ಮಗಳ ಮೇಲೆ ಪ್ರಾಣವಿಟ್ಟುಕೊಂಡವಳು. ಆದರೆ ಊರಿನಲ್ಲಿ ಅರವತ್ತು ವರ್ಷ ಬಾಳಿದ ಹೆಂಗಸಿನ ಭಯಗಳು ಬೇರೆ. ಮುಂದೆ ಮಾತು ಬಂದಾಗ ಅವಳು ನನ್ನೆದುರಿಗೆ ಹೇಳಿದ್ದು ಇಷ್ಟು:

“ಅಣ್ಣಾ, ಹುಡುಗಿ ಉಣ್ಣತಾಳ, ಸಾಲಿಗಿ ಹೋಗತಾಳ, ಆಡತಾಳ. ಇಲ್ಲದ ಬ್ಯಾನಿಗೆ ಯಾಕ ಹೆಸರು ಇಡಬೇಕು? ಎದಿ ಬ್ಯಾನಿ ಹುಡುಗಿ ಅಂತ ಒಮ್ಮಿ ಊರಾಗ ಹೆಸರು ಬಿತ್ತಂದ್ರ ನಾಳಿ ಹೆಣ್ಣು ಕೇಳಲಾಕ ಯಾರು ಬರತಾರ?”

ಭಯ ಒಂಟಿಯಾಗಿ ಬರುವುದಿಲ್ಲ. ಒಬ್ಬ ಅಪರಾಧಿಯನ್ನೂ ಕೈಹಿಡಿದು ಕರೆತರುತ್ತದೆ. ಸೊಸೆ ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಅಂಗಳಕ್ಕೆ ಹೋಗಿದ್ದಳೆಂಬ ಎಂಟು ವರ್ಷದ ಹಿಂದಿನ ಸಂಗತಿ ಮನೆಯಲ್ಲಿ ಮತ್ತೆ ತಲೆಯೆತ್ತಿತು. ಆ ಹೆಣ್ಣುಮಗಳು ಎದುರಾಡಲಿಲ್ಲ. ನಾಲ್ಕು ತಿಂಗಳು ಸಹಿಸಿದಳು. ಒಂದು ದಿನ ಮಗಳು ತೋಟದಿಂದ ಮನೆಗೆ ಬರುವ ಏರಿನಲ್ಲಿ ಎರಡು ಸಲ ನಿಂತು ಸುಧಾರಿಸಿಕೊಂಡುದನ್ನು ಕಂಡಳು. ಮರುದಿನ ಪಟದ ಹಿಂದಿನ ಚೀಟಿಯನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು, ಮಗಳ ಕೈಹಿಡಿದು ಬಸ್ಸು ಹತ್ತಿ ಕಲಬುರಗಿಯ ನಮ್ಮ ಮನೆಗೆ ಬಂದಳು. ಅತ್ತೆಗೆ ತಿಳಿಸದೆ ಅವಳು ಹೊಸಿಲು ದಾಟಿದ್ದು ಅದೇ ಮೊದಲು.

“ಮಾವಾರೆ, ನನಗ ಬೈದರೂ ಚಿಂತಿಲ್ಲ. ಇದರಾಗ ಏನು ಬರದಾರ, ಒಮ್ಮಿ ಓದಿ ಹೇಳ್ರಿ” ಎಂದಳು.

ನಾನು ಓದಿದೆ. ಆ ಮಧ್ಯಾಹ್ನವೇ ಮೂವರೂ ನಗರದ ಒಂದು ಆಸ್ಪತ್ರೆಗೆ ಹೋದೆವು.

ಅಲ್ಲಿಯ ಹೃದ್ರೋಗತಜ್ಞರು ಮೊದಲು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಹುಡುಗಿಯ ತುಟಿ, ಉಗುರು ನೋಡಿದರು. ನೀಲಿಬಣ್ಣವಿರಲಿಲ್ಲ. ಅಂಗೈಯನ್ನು ಎದೆಯ ಮೇಲಿಟ್ಟು ಕಣ್ಣುಮುಚ್ಚಿ ನಿಂತರು. ಬಳಿಕ ನನ್ನ ಕೈಯನ್ನೂ ಅಲ್ಲಿಯೇ ಇರಿಸಿ, “ಏನು ತಿಳಿಯುತ್ತದೆ?” ಎಂದರು. ಎದೆಯ ನಡುಮೂಳೆಯ ಎಡಗಡೆ, ಮೇಲಿನಿಂದ ಎರಡನೆಯ ಮತ್ತು ಮೂರನೆಯ ಪಕ್ಕೆಲುಬುಗಳ ನಡುವೆ, ಬೆಕ್ಕು ಗುರುಗುಟ್ಟಿದಂತೆ ಒಂದು ನಡುಕ ಬೆರಳಿಗೆ ತಾಗಿತು. ಎಂಟು ವರ್ಷ ನಾವೆಲ್ಲ ಎತ್ತಿ ಮುದ್ದಾಡಿದ ಮಗುವಿನೊಳಗೆ ಅದು ಹಗಲಿರುಳೂ ನಡೆದೇ ಇತ್ತು.

ಅನಂತರ ಹೃದಯದ ವಿದ್ಯುತ್ತಿನ ರೇಖೆಯನ್ನು ಕಾಗದದ ಮೇಲೆ ತೆಗೆದರು. ಬಲಗಡೆಯ ಸ್ನಾಯು ದಪ್ಪವಾಗಿದೆಯೆಂದು ಅದು ಹೇಳಿತು. ಕೊನೆಗೆ ಎಕೋ ಪರೀಕ್ಷೆ. ಕಿವಿಗೆ ಕೇಳದ ಶಬ್ದವನ್ನು ಎದೆಯೊಳಕ್ಕೆ ಕಳುಹಿಸಿ, ತಿರುಗಿ ಬರುವ ಪ್ರತಿಧ್ವನಿಯಿಂದ ಚಿತ್ರ ಬಿಡಿಸುವ ಈ ವಿದ್ಯೆಯನ್ನು ೧೯೫೩ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಎಂಬ ವೈದ್ಯರೂ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಕೂಡಿ ತೊಡಗಿಸಿದರು. ನೋವಿಲ್ಲ, ಸೂಜಿಯಿಲ್ಲ. ಕತ್ತಲೆಯ ಕೋಣೆಯಲ್ಲಿ ಮಿನುಗುವ ತೆರೆಯನ್ನು ನೋಡುತ್ತ ಹುಡುಗಿ, “ಮುತ್ಯಾ, ನನ್ನೆದಿಯಾಗ ಮೀನು ಅದ” ಎಂದಳು.

ಅವಳು ಕಂಡ ಮೀನು ಒಂದು ಕವಾಟ. ಹಳಗನ್ನಡ ಓದಿದವರಿಗೆ ಕವಾಟವೆಂದರೆ ಬಾಗಿಲ ಕದವೆಂದು ಗೊತ್ತು. ಹೃದಯದ ಭಾಗಗಳಿಗೆ ಕನ್ನಡದಲ್ಲಿ ಹೆಸರಿಟ್ಟವರು ಬಹು ಯೋಚಿಸಿಯೇ ಈ ಪದವನ್ನು ಆರಿಸಿರಬೇಕು. ಮೈಯೆಲ್ಲ ಸುತ್ತಿ ಬಂದ ರಕ್ತ ಹೃದಯದ ಬಲಗಡೆಗೆ ಸೇರುತ್ತದೆ. ಅಲ್ಲಿಯ ಕೆಳಕೋಣೆ ಅದನ್ನು ಶ್ವಾಸಕೋಶಗಳಿಗೆ ತಳ್ಳುತ್ತದೆ. ಆ ಹಾದಿಯ ಹೊಸಿಲಿನಲ್ಲಿ ಮೂರು ತೆಳುವಾದ ಎಸಳುಗಳ ಒಂದು ಬಾಗಿಲಿದೆ. ಪ್ರತಿ ಬಡಿತಕ್ಕೂ ಪೂರ್ತಿ ತೆರೆದು, ಕೂಡಲೇ ಮುಚ್ಚಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಗರ್ಭದಲ್ಲಿರುವಾಗಲೇ ಈ ಎಸಳುಗಳ ಅಂಚುಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ನಡುವೆ ಕಿರಿದಾದ ಕಂಡಿ ಮಾತ್ರ ಉಳಿಯುತ್ತದೆ. ಇದೇ ಪಲ್ಮನರಿ ಸ್ಟಿನೋಸಿಸ್, ಶ್ವಾಸಕೋಶದ ಹಾದಿಯ ಕವಾಟದ ಸಂಕೋಚ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎಂಟು ಮಂದಿಗೆ ಹೃದಯದ ಒಂದಿಲ್ಲೊಂದು ದೋಷವಿರುತ್ತದೆಂದು ಲೆಕ್ಕವಿದೆ. ಅಂಥ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಎಂಟು ಹತ್ತು ಮಂದಿಯದು ಈ ತೊಂದರೆ.

ಕಂಡಿ ಕಿರಿದಾದರೂ ಕೆಲಸ ನಿಲ್ಲುವಂತಿಲ್ಲ. ಬಲಗಡೆಯ ಕೋಣೆ ಹೆಚ್ಚು ಬಲಬಿಟ್ಟು ತಳ್ಳುತ್ತದೆ. ತಳ್ಳಿ ತಳ್ಳಿ ಅದರ ಗೋಡೆ ದಪ್ಪವಾಗುತ್ತದೆ. ಮಗು ನಗುನಗುತ್ತಲೇ ಇರುತ್ತದೆ. “ಹೃದಯ ಸಾಲಮಾಡಿ ಸಂಸಾರ ನಡೆಸುತ್ತಿದೆ” ಎಂದರು ವೈದ್ಯರು. “ಸಾಲಗಾರ ಬಾಗಿಲಿಗೆ ಬಂದ ದಿನ ಮಗು ಓಡುತ್ತಲೇ ತಲೆಸುತ್ತಿ ಬೀಳಬಹುದು, ಕಾಲಕ್ರಮದಲ್ಲಿ ಹೃದಯ ಸೋತುಹೋಗಬಹುದು. ಅದಕ್ಕೆ ಮೊದಲೇ ನೋಡಬೇಕು.”

ಇಕ್ಕಟ್ಟು ಎಷ್ಟೆಂದು ಅಳೆಯುವ ಬಗೆಯನ್ನು ಕೇಳಿ ನನ್ನಂಥ ಮಾಸ್ತರನ ಕಿವಿ ನೆಟ್ಟಗಾಯಿತು. ತೋಟದಲ್ಲಿ ನೀರಿನ ಪೈಪಿನ ಬಾಯನ್ನು ಹೆಬ್ಬೆಟ್ಟಿನಿಂದ ಒತ್ತಿದರೆ ನೀರು ದೂರಕ್ಕೆ ಚಿಮ್ಮುತ್ತದಲ್ಲವೆ? ಹಾಗೆಯೇ ಕಂಡಿ ಕಿರಿದಾದಷ್ಟೂ ರಕ್ತದ ವೇಗ ಹೆಚ್ಚು. ಆ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರೆಂದು ಯಂತ್ರ ತೋರಿಸುತ್ತದೆ. ಅದನ್ನು ಅದರಿಂದಲೇ ಗುಣಿಸಿ, ಬಂದುದನ್ನು ನಾಲ್ಕರಿಂದ ಗುಣಿಸಿದರೆ ಬಾಗಿಲಿನ ಈಚೆ ಆಚೆಗಳ ಒತ್ತಡದ ಅಂತರ ಪಾದರಸದ ಮಿಲಿಮೀಟರುಗಳಲ್ಲಿ ಸಿಕ್ಕುತ್ತದೆ. ಸಾಮಾನ್ಯ ಮಗುವಿನಲ್ಲಿ ವೇಗ ಒಂದು ಮೀಟರಿನ ಆಸುಪಾಸು, ಅಂತರ ನಾಲ್ಕು. ನಮ್ಮ ಹುಡುಗಿಯದು ೪.೪ ಮೀಟರು. ವೈದ್ಯರು ಯಂತ್ರದ ಗುಂಡಿ ಒತ್ತುವ ಮೊದಲೇ ನನ್ನ ಮನಸ್ಸು ಗುಣಾಕಾರ ಮುಗಿಸಿತ್ತು: ೭೭. ಅಂತರ ೩೬ಕ್ಕಿಂತ ಕಡಮೆಯಿದ್ದರೆ ಸೌಮ್ಯ, ೬೪ರ ವರೆಗೆ ಮಧ್ಯಮ, ಅದನ್ನು ದಾಟಿದರೆ ತೀವ್ರವೆಂದು ವೈದ್ಯರ ಪಾಠ. ಜೀವಮಾನದಲ್ಲಿ ಸಾವಿರಾರು ಲೆಕ್ಕಗಳನ್ನು ಸರಿಯೆಂದು ಗುರುತು ಹಾಕಿದ್ದೇನೆ. ಇದೊಂದು ತಪ್ಪಾಗಿರಲೆಂದು ಮನಸ್ಸು ಬೇಡಿಕೊಂಡಿತು.

ತಾಯಿ ಅದುವರೆಗೂ ಮಾತನಾಡಿರಲಿಲ್ಲ. ಈಗ ಮೆಲ್ಲನೆ, “ಗ್ರಹಣದಾಗ ನಾ ಹೊರಗ ಹೋಗಿದ್ದಕ್ಕ ಹಿಂಗಾತೇನ್ರೀ?” ಎಂದು ಕೇಳಿದಳು. ವೈದ್ಯರು ಕೈಯಲ್ಲಿದ್ದ ಲೇಖನಿಯನ್ನು ಕೆಳಗಿಟ್ಟರು. ಹೃದಯ ರೂಪುಗೊಳ್ಳುವುದು ಗರ್ಭದ ಮೊದಲ ಎಂಟು ವಾರಗಳಲ್ಲಿ. ಎಷ್ಟೋ ತಾಯಂದಿರಿಗೆ ಆಗ ತಾವು ಬಸುರಿಯೆಂಬುದೇ ಸರಿಯಾಗಿ ಗೊತ್ತಿರುವುದಿಲ್ಲ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಹೃದಯದೋಷದ ಸಂಭವ ಕೊಂಚ ಹೆಚ್ಚು. ಗರ್ಭಿಣಿಗೆ ರುಬೆಲ್ಲಾ ಎಂಬ ಜ್ವರ ತಗುಲಿದರೂ ಶಿಶುವಿನ ಹೃದಯಕ್ಕೆ ಅಪಾಯ. ಕೆಲವು ವಂಶವಾಹಿ ದೋಷಗಳೂ ಇವೆ. ಆದರೆ ಬಹುಮಟ್ಟಿಗೆ ಇದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. “ಸೂರ್ಯಚಂದ್ರರಿಗೂ ಇದಕ್ಕೂ ಸಂಬಂಧವಿಲ್ಲ, ತಾಯಿ. ನಿನ್ನಿಂದ ಏನೂ ತಪ್ಪಾಗಿಲ್ಲ” ಎಂದರು. ಔಷಧದ ಚೀಟಿಯಲ್ಲಿ ಬರೆಯದ ಆ ಔಷಧ ಅವಳಿಗೆ ಎಷ್ಟು ಬೇಕಾಗಿತ್ತೆಂಬುದು ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಾಗ ತಿಳಿಯಿತು.

ಕವಾಟವನ್ನು ತೆರೆಯುವುದು ಹೇಗೆ? ಇದರ ಚರಿತ್ರೆ ಯಾವ ಕಾದಂಬರಿಗೂ ಕಡಮೆಯಲ್ಲ. ೧೯೨೯ರಲ್ಲಿ ಜರ್ಮನಿಯ ಫೋರ್ಸ್‌ಮನ್ ಎಂಬ ತರುಣ ವೈದ್ಯ ತನ್ನ ತೋಳಿನ ರಕ್ತನಾಳದಲ್ಲಿ ತೆಳುವಾದ ನಳಿಗೆಯನ್ನು ತೂರಿಸಿ, ಅದನ್ನು ಹೃದಯದ ವರೆಗೆ ತಳ್ಳಿಕೊಂಡು, ಕ್ಷ-ಕಿರಣದ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡ. ಆಗ ಅವನಿಗೆ ಸಿಕ್ಕಿದ್ದು ಬೈಗುಳ. ೧೯೫೬ರಲ್ಲಿ ನೊಬೆಲ್ ಪಾರಿತೋಷಕ ಬಂತು. ೧೯೪೭ರ ಡಿಸೆಂಬರಿನಲ್ಲಿ ಲಂಡನ್ನಿನ ಶಸ್ತ್ರವೈದ್ಯ ಹೋಮ್ಸ್ ಸೆಲ್ಲರ್ಸ್ ಎದೆಯನ್ನು ತೆರೆದು, ಬಡಿಯುತ್ತಿರುವ ಹೃದಯದೊಳಗೆ ಅಲಗನ್ನು ತೂರಿಸಿ ಈ ಕವಾಟವನ್ನು ಬಿಡಿಸಿದರು. ನಮ್ಮ ಕಲಬುರಗಿ ಆಗ ಇನ್ನೂ ನಿಜಾಮರ ರಾಜ್ಯದಲ್ಲಿತ್ತು. ಇಲ್ಲಿಯವರ ಎದೆಬಡಿತಕ್ಕೆ ಬೇರೆ ಕಾರಣಗಳಿದ್ದವು. ಕೊನೆಗೆ ೧೯೮೨ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜೀನ್ ಕಾನ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ಎದೆಯನ್ನು ಕೊಯ್ಯದೆ, ನಳಿಗೆಯ ತುದಿಯ ಪುಗ್ಗೆಯನ್ನು ಕವಾಟದೊಳಗೆ ಉಬ್ಬಿಸಿ ಎಸಳುಗಳನ್ನು ಬಿಡಿಸುವ ವಿಧಾನವನ್ನು ಲೋಕಕ್ಕೆ ತಿಳಿಸಿದರು. ಈಗ ಈ ರೋಗಕ್ಕೆ ಮೊದಲ ಚಿಕಿತ್ಸೆ ಅದೇ.

ಚಿಕಿತ್ಸೆಯ ಹೆಸರೆತ್ತಿದಾಗ ಕಮಲಾಪುರದಿಂದ ತಂಗಿ ಓಡಿಬಂದಳು. ಸೊಸೆಯ ಮೇಲೆ ಸಿಟ್ಟು, ಮೊಮ್ಮಗಳ ಮೇಲೆ ಅಳು, ನನ್ನ ಮೇಲೆ ಮುನಿಸು, ಮೂರನ್ನೂ ಹೊತ್ತು ವೈದ್ಯರ ಎದುರು ಕುಳಿತಳು. ಅವಳ ಪ್ರಶ್ನೆ ಒಂದೇ: “ಇದು ಮಾಡಿಸಿದರ ಹುಡುಗಿ ಮದುವಿ ಆಗತದೇನ್ರೀ?”

ಯಾರೂ ನಗಲಿಲ್ಲ. ವೈದ್ಯರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಆಯಿ, ಈಗ ಬಾಗಿಲು ತೆರೆಸಿದರೆ ಇವಳು ಓಡುತ್ತಾಳೆ, ಓದುತ್ತಾಳೆ. ಎಲ್ಲವೂ ಸರಿಹೋದರೆ ಮದುವೆಗೂ ಮಕ್ಕಳಿಗೂ ಇದು ಅಡ್ಡಿಯಾಗುವುದಿಲ್ಲ. ಬಸುರಿಯಾದಾಗ ವೈದ್ಯರಿಗೆ ಇದನ್ನು ಹೇಳಬೇಕು, ಅಷ್ಟೆ. ತೆರೆಸದೆ ಬಚ್ಚಿಟ್ಟರೆ ನೀವು ಹೆದರುವುದು ವರನಿಗಲ್ಲ, ಮೊದಲ ಹೆರಿಗೆಗೆ” ಎಂದರು. ತಂಗಿ ಬಹಳ ಹೊತ್ತು ಸುಮ್ಮನಿದ್ದಳು. ಬಳಿಕ ಸೊಸೆಯ ಕಡೆಗೆ ತಿರುಗಿ, “ಮುಂಜಾನಿಂದ ಏನರ ಉಂಡೀಯೇನು?” ಎಂದು ಕೇಳಿದಳು. ನಮ್ಮ ಮನೆಗಳಲ್ಲಿ ಕ್ಷಮೆ ಬೇಡುವುದೂ ಒಪ್ಪಿಗೆ ಕೊಡುವುದೂ ಹೀಗೆಯೇ.

ಬೆಂಗಳೂರಿನಿಂದ ಮಕ್ಕಳ ಹೃದ್ರೋಗತಜ್ಞರು ಬರುವ ದಿನ ಗೊತ್ತಾಯಿತು. ಶಾಲೆಯಲ್ಲಿ ಕೊಟ್ಟ ಚೀಟಿಯ ಬಲದಿಂದ ಖರ್ಚನ್ನು ಸರಕಾರವೇ ವಹಿಸಿತು. ಹುಡುಗಿಗೆ ಅರಿವಳಿಕೆ ಕೊಟ್ಟು, ತೊಡೆಯ ಸಂದಿನ ರಕ್ತನಾಳದಿಂದ ನಳಿಗೆಯನ್ನು ಹೃದಯದ ಬಲಗಡೆಗೆ, ಅಲ್ಲಿಂದ ಕವಾಟದ ಕಂಡಿಗೆ ಒಯ್ದರು. ಕವಾಟದ ಬಳೆ ೧೫ ಮಿಲಿಮೀಟರು ಅಗಲ. ಆರಿಸಿದ ಪುಗ್ಗೆ ೧೮. ಬಳೆಗಿಂತ ಸುಮಾರು ಐದನೆಯ ಒಂದು ಪಾಲು ದೊಡ್ಡದಿರಬೇಕಂತೆ. ಪುಗ್ಗೆ ಉಬ್ಬುವಾಗ ಅಂಟಿದ ಎಸಳುಗಳು ಅದರ ನಡುವನ್ನು ಬಿಗಿಹಿಡಿಯುತ್ತವೆ; ತೆರೆಯ ಮೇಲೆ ಅದು ಡಮರುವಿನಂತೆ ಕಾಣುತ್ತದೆ. ಒತ್ತಡ ಏರಿದಂತೆ ಆ ಸೊಂಟ ಥಟ್ಟನೆ ಮಾಯವಾಗುತ್ತದೆ. ಕದ ತೆರೆಯಿತೆಂಬುದಕ್ಕೆ ಅದೇ ಗುರುತು. ಪುಗ್ಗೆ ಉಬ್ಬಿದಷ್ಟು ಹೊತ್ತು ರಕ್ತದ ಹಾದಿ ಮುಚ್ಚಿರುವುದರಿಂದ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಯಬೇಕು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನಮಗೆ ಆ ಸೆಕೆಂಡುಗಳು ಯಾವಾಗ ಬಂದುವು, ಯಾವಾಗ ಹೋದುವು ಎಂಬುದೇ ತಿಳಿಯಲಿಲ್ಲ. ತಂಗಿ ಕಣ್ಣುಮುಚ್ಚಿ ಶರಣಬಸವೇಶ್ವರರನ್ನು ನೆನೆಯುತ್ತಿದ್ದಳು. ಅವಳ ಇನ್ನೊಂದು ಕೈ ಸೊಸೆಯ ಕೈಯೊಳಗಿತ್ತು.

ವೈದ್ಯರು ಹೊರಬಂದು ಮೊದಲು ನನ್ನನ್ನು ನೋಡಿ ನಕ್ಕರು. “ಮಾಸ್ತರರೆ, ಈಗ ವೇಗ ಎರಡು ಮೀಟರು. ಲೆಕ್ಕ ನೀವೇ ಮಾಡಿಕೊಳ್ಳಿ.” ಎರಡೆರಡಲೆ ನಾಲ್ಕು, ನಾಲ್ಕು ನಾಲ್ಕಲೆ ಹದಿನಾರು. ೭೭ರಿಂದ ೧೬ಕ್ಕೆ! ಒಂದು ರಾತ್ರಿ ಕಾಲು ಮಡಿಸದೆ ಮಲಗಿ, ಎರಡು ದಿನಕ್ಕೆ ಹುಡುಗಿ ಮನೆಗೆ ಬಂದಳು. ಎದೆಯ ಮೇಲೆ ಒಂದು ಗೀರೂ ಇರಲಿಲ್ಲ.

ಇದನ್ನೋದಿ ಎಲ್ಲರದೂ ಇಷ್ಟು ಸುಲಭವೆಂದು ಯಾರೂ ತಿಳಿಯಬಾರದು. ಇಕ್ಕಟ್ಟು ಸೌಮ್ಯವಾಗಿದ್ದರೆ ಚಿಕಿತ್ಸೆಯೇ ಬೇಡ. ಆಗಾಗ ಪರೀಕ್ಷಿಸಿದರೆ ಸಾಕು. ಎಸಳುಗಳು ದಪ್ಪಗಾಗಿ ವಿಕಾರವಾಗಿದ್ದರೆ ಪುಗ್ಗೆಗೆ ಅವು ಬಗ್ಗುವುದಿಲ್ಲ, ಶಸ್ತ್ರಕ್ರಿಯೆ ಬೇಕಾಗಬಹುದು. ಕೆಲವು ಕೂಸುಗಳು ಹುಟ್ಟುತ್ತಲೇ ನೀಲಿಗಟ್ಟುತ್ತವೆ. ಅವಕ್ಕೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಸಿಕ್ಕಬೇಕು. ತೆರೆದ ಕವಾಟ ಕೊಂಚ ಸೋರುವುದೂ ಉಂಟು. ಆದುದರಿಂದ ನಮ್ಮ ಹುಡುಗಿ ದೊಡ್ಡವಳಾದ ಮೇಲೂ ಕಾಲಕಾಲಕ್ಕೆ ಎಕೋ ಮಾಡಿಸಿಕೊಳ್ಳುತ್ತಿರಬೇಕು. ಒಂದು ಸಮಾಧಾನವೆಂದರೆ ದೊಡ್ಡ ಆಸ್ಪತ್ರೆಗಾಗಿ ನಮ್ಮ ಸೀಮೆಯವರು ಸೊಲ್ಲಾಪುರ, ಹೈದರಾಬಾದುಗಳ ದಾರಿ ಹಿಡಿಯಬೇಕಾಗಿದ್ದ ಕಾಲ ಹಿಂದಾಗುತ್ತಿದೆ. ಕಲಬುರಗಿಯಲ್ಲಿ ೨೦೧೬ರಲ್ಲಿ ತೊಡಗಿದ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಗೆ ೨೦೨೪ರ ಡಿಸೆಂಬರಿನಲ್ಲಿ ಸ್ವಂತದ ದೊಡ್ಡ ಕಟ್ಟಡವಾಯಿತು. ಈ ಸೀಮೆಗೆ ವಿಶೇಷ ಸ್ಥಾನ ತಂದುಕೊಟ್ಟ ಸಂವಿಧಾನದ ೩೭೧(ಜೆ) ವಿಧಿಯ ನೆನಪಿಗೆಂಬಂತೆ ಅದಕ್ಕೆ ೩೭೧ ಹಾಸಿಗೆಗಳು.

ಆದರೆ ಹಾಸಿಗೆ ಎಷ್ಟಿದ್ದರೇನು, ದೇವರ ಪಟದ ಹಿಂದಿನ ಚೀಟಿ ತಾನಾಗಿ ಎದ್ದು ಬಸ್ಸು ಹತ್ತುವುದಿಲ್ಲ. ಕಮಲಾಪುರದಿಂದ ಕಲಬುರಗಿಗೆ ಒಂದು ಗಂಟೆಯ ದಾರಿ. ಆ ದಾರಿ ಹಿಡಿಯಲು ನಮ್ಮವರಿಗೆ ನಾಲ್ಕು ತಿಂಗಳು ಬೇಕಾಯಿತು. ರೋಗಕ್ಕಿಂತ ರೋಗದ ಹೆಸರಿಗೆ ಹೆದರುವ ಮನೆ ಅದೊಂದೇ ಅಲ್ಲವೆಂದು ಬಲ್ಲೆನಾದ್ದರಿಂದ ಇಷ್ಟು ಬರೆದೆ.

ಹೋದ ಸಲ ನಾನು ಕಮಲಾಪುರಕ್ಕೆ ಹೋದಾಗ ಖೋ ಖೋ ಆಟದಲ್ಲಿ ಲೆಕ್ಕ ಬರೆಯುವವರಿಲ್ಲದೆ ಮಕ್ಕಳು ಜಗಳವಾಡುತ್ತಿದ್ದರು. ತಂಗಿ ಕಟ್ಟೆಯ ಮೇಲೆ ಕುಳಿತು ನೆರೆಮನೆಯ ಹೆಂಗಸಿಗೆ ಏನೋ ವಿವರಿಸುತ್ತಿದ್ದಳು. ಆಕೆಯ ಮಗನ ಎದೆಯಲ್ಲಿಯೂ ಸದ್ದಿದೆಯೆಂದು ಶಾಲೆಯಲ್ಲಿ ಚೀಟಿ ಕೊಟ್ಟಿದ್ದರಂತೆ. ತಂಗಿಯೇ ಮುಂದೆ ನಿಂತು ಅವರನ್ನು ಕಲಬುರಗಿಗೆ ಕರೆತಂದಳು. ಆ ಹುಡುಗನದು ನಿರಪಾಯದ ಗುಣುಗೆಂದು ಎಕೋದಲ್ಲಿ ತಿಳಿದು ಎಲ್ಲರೂ ನಗುತ್ತ ಹಿಂದಿರುಗಿದರು. ಹೋಗಿ ಬಂದದ್ದು ವ್ಯರ್ಥವಾಯಿತೆಂದು ಯಾರೋ ಅಂದಾಗ ತಂಗಿ ಕೊಟ್ಟ ಉತ್ತರವನ್ನು ಅವಳ ಮಾತಿನಲ್ಲಿಯೇ ಬರೆಯುತ್ತೇನೆ:

“ವ್ಯರ್ಥ ಹ್ಯಾಂಗಾತು? ಇನ್ನ ಮ್ಯಾಲ ಅವ ಓಡೂವಾಗ ಅವರವ್ವ ಹಿಂದ ಓಡೂದು ತಪ್ಪಿತಲ್ಲ!”